ಹಳೇ ಕಂಪ್ಯೂಟರ್‌ನಲ್ಲಿ ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ಸರಿಪಡಿಸುವುದು: ಯಾವುದು ಮೊದಲು, ಯಾವುದು ಆಮೇಲೆ

ಕಂಪ್ಯೂಟರ್ ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ (ಎಕ್ಸ್‌ಪಿಯನ್ನು ಶುರುಮಾಡುವ ಫೈಲ್ ಸಿಗುತ್ತಿಲ್ಲ). ಇಲ್ಲವೇ ವಿಂಡೋಸ್ ಶುರುವಾಗುತ್ತದೆ, ಆದರೆ ಕಂಟ್ರೋಲ್ ಪ್ಯಾನೆಲ್ ತೆರೆಯುವುದಿಲ್ಲ, ಯಾವುದೋ ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್) ಸಿಗಲಿಲ್ಲ ಎಂಬ ಸಂದೇಶ ಪದೇ ಪದೇ ಬರುತ್ತದೆ, ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಎಲ್ಲರೂ ಕೊಡುವ ಸಲಹೆ ಒಂದೇ: ಎಸ್‌ಎಫ್‌ಸಿ ಓಡಿಸಿ. ಎಸ್‌ಎಫ್‌ಸಿ ಅಂದರೆ ಸಿಸ್ಟಮ್ ಫೈಲ್ ಚೆಕರ್, ಕೆಟ್ಟ ಸಿಸ್ಟಮ್ ಫೈಲ್‌ಗಳನ್ನು ಹುಡುಕಿ ಸರಿಮಾಡುವ ವಿಂಡೋಸ್‌ನದೇ ಕಮ್ಯಾಂಡ್. ಸಲಹೆ ತಪ್ಪಲ್ಲ. ಆದರೆ ಹಳೇ ಯಂತ್ರದಲ್ಲಿ ಅದು ಮೊದಲ ಹೆಜ್ಜೆ ಅಲ್ಲ.

ಸಿಸ್ಟಮ್ ಫೈಲ್ ತನ್ನಷ್ಟಕ್ಕೆ ತಾನೇ ಕೆಡುವುದಿಲ್ಲ, ಏನೋ ಒಂದು ಅದನ್ನು ಕೆಡಿಸಿರುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್ (ಓದಲು ಬರೆಯಲು ಆಗದ ಜಾಗ) ಬಂದಿರಬಹುದು, ರ‍್ಯಾಮ್ ಕೈಕೊಟ್ಟಿರಬಹುದು, ಬರೆಯುತ್ತಿರುವಾಗಲೇ ಕರೆಂಟ್ ಹೋಗಿರಬಹುದು, ವೈರಸ್ ಬಂದಿರಬಹುದು. ಆ ಕಾರಣ ಹಾಗೇ ಉಳಿದು ಫೈಲ್ ಮಾತ್ರ ಸರಿಯಾದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಅಪಾಯವೂ ಇದೆ. ಸಾಯಲು ಬಂದ ಡಿಸ್ಕ್ ಮೇಲೆ ರಿಪೇರಿ ಪ್ರೋಗ್ರಾಂಗಳನ್ನು ಗಂಟೆಗಟ್ಟಲೆ ಓಡಿಸಿದರೆ ಅದು ಅಲ್ಲೇ ಪೂರ್ತಿ ನಿಂತುಹೋಗಬಹುದು. ಜೊತೆಗೆ ನಿಮ್ಮ ಫೋಟೋಗಳೂ ಹೋಗುತ್ತವೆ.

ಈ ಮಾರ್ಗದರ್ಶಿ ವಿಂಡೋಸ್ ಎಕ್ಸ್‌ಪಿ, 7, 8.1 ಮತ್ತು 10 ಇರುವ ಹಳೇ ಯಂತ್ರಗಳಿಗೆ. ಈ ನಾಲ್ಕಕ್ಕೂ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ ಮುಗಿದಿದೆ: ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, 7ಕ್ಕೆ 2020ರ ಜನವರಿಯಲ್ಲಿ, 8.1ಕ್ಕೆ 2023ರ ಜನವರಿಯಲ್ಲಿ, 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಹಾಗಾಗಿ ಇನ್‌ಸ್ಟಾಲ್ ಮಾಡಿದ ಸಿಡಿಯೋ ಡಿವಿಡಿಯೋ ಮನೆಯಲ್ಲಿ ಎಲ್ಲಾದರೂ ಇದ್ದರೆ ಈಗಲೇ ಹುಡುಕಿಟ್ಟುಕೊಳ್ಳಿ, ಬೇಕಾಗುತ್ತದೆ.

ಒಂದು ಸೂಚನೆ. ಕಮ್ಯಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲೇ. ನಾನು ಸ್ಪೇಸ್ ಬಿಟ್ಟ ಕಡೆ ನೀವೂ ಬಿಡಿ. ಸ್ಲ್ಯಾಶ್ ಮತ್ತು ಬ್ಯಾಕ್‌ಸ್ಲ್ಯಾಶ್ ಅದಲುಬದಲಾದರೆ ಕಮ್ಯಾಂಡ್ ಓಡುವುದಿಲ್ಲ.

ಹೆಜ್ಜೆ 1: ನಿಮ್ಮ ಫೈಲ್‌ಗಳನ್ನು ಹೊರಗೆ ತೆಗೆಯಿರಿ

ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಸುಲಭ. ಬೇಕಾದ್ದನ್ನೆಲ್ಲ ಪೆನ್‌ಡ್ರೈವ್‌ಗೋ ಹೊರಗಿನ ಡಿಸ್ಕ್‌ಗೋ ಕಾಪಿ ಮಾಡಿ. ತೆರೆಯದಿದ್ದರೆ ಎರಡು ದಾರಿ ಇವೆ.

ಮೊದಲನೆಯದು, ಲೈವ್ ಲಿನಕ್ಸ್, ಅಂದರೆ ಪೆನ್‌ಡ್ರೈವ್‌ನಿಂದಲೋ ಡಿವಿಡಿಯಿಂದಲೋ ನೇರವಾಗಿ ಓಡುವ ಬೇರೊಂದು ಆಪರೇಟಿಂಗ್ ಸಿಸ್ಟಮ್. ಬೇರೆ ಕಂಪ್ಯೂಟರ್‌ನಲ್ಲಿ ಪಪ್ಪಿ ಲಿನಕ್ಸ್‌ನಂಥ ಹಗುರವಾದ ಒಂದನ್ನು ಪೆನ್‌ಡ್ರೈವ್‌ಗೋ ಡಿವಿಡಿಗೋ ಹಾಕಿ ಅದರಿಂದ ಬೂಟ್ ಮಾಡಿ, ಅಂದರೆ ಕಂಪ್ಯೂಟರನ್ನು ಅದರಿಂದಲೇ ಶುರುಮಾಡಿ. ಡಿಸ್ಕ್ ಮೇಲೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ಯಂತ್ರ ತೀರಾ ಹಳೆಯದಾದರೆ 32 ಬಿಟ್ ಆವೃತ್ತಿಯನ್ನೇ ಇಳಿಸಿಕೊಳ್ಳಿ, 64 ಬಿಟ್ ಬೂಟ್ ಆಗದೇ ಇರಬಹುದು.

ಎರಡನೆಯದು ಅಷ್ಟಾಗಿ ಯಾರೂ ಬಳಸದ, ಆದರೆ ನನಗೆ ತುಂಬ ಇಷ್ಟವಾದ ಉಪಾಯ. ವಿಂಡೋಸ್ 7 ಡಿವಿಡಿಯಿಂದ ಬೂಟ್ ಮಾಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿ, ಕಮ್ಯಾಂಡ್ ಪ್ರಾಂಪ್ಟ್ (ಕಮ್ಯಾಂಡ್ ಟೈಪ್ ಮಾಡುವ ಕಪ್ಪು ಕಿಟಕಿ) ತೆರೆಯಿರಿ. ಅಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ನಿಜಕ್ಕೂ ನೋಟ್‌ಪ್ಯಾಡ್ ತೆರೆಯುತ್ತದೆ. ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿ. ಈಗ ಕಾಣುವ ಆ ಚಿಕ್ಕ ವಿಂಡೋದಲ್ಲಿ ಎಲ್ಲ ಡ್ರೈವ್‌ಗಳೂ ಇರುತ್ತವೆ. ಬೇಕಾದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಕಾಪಿ ಆಯಿತು ಎಂದು ತೋರಿಸುವ ಪಟ್ಟಿ ಕಾಣದೇ ಇರಬಹುದು. ಡಿಸ್ಕ್‌ನ ದೀಪ ಮಿನುಗುವುದು ನಿಲ್ಲುವವರೆಗೆ ಸುಮ್ನೆ ಕಾಯಿರಿ.

ಹೆಜ್ಜೆ 2: ಡಿಸ್ಕ್ ನಂಬುವ ಹಾಗಿದೆಯಾ?

ಮೊದಲು ಕಿವಿಗೊಡಿ. ಡಿಸ್ಕ್ ಒಂದೇ ತಾಳದಲ್ಲಿ ಟಕ್ ಟಕ್ ಎನ್ನುತ್ತಿದ್ದರೆ ಇಲ್ಲಿಗೆ ನಿಲ್ಲಿಸಿ. ಅದು ಸಾಫ್ಟ್‌ವೇರ್ ಸಮಸ್ಯೆ ಅಲ್ಲ. ಸಿಕ್ಕಷ್ಟು ಫೈಲ್ ತೆಗೆದುಕೊಂಡು ಡಿಸ್ಕ್ ಬದಲಿಸಿ.

ಸದ್ದಿಲ್ಲದಿದ್ದರೆ ಅದರ ಸ್ಮಾರ್ಟ್ ವಿವರ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ಪ್ರೋಗ್ರಾಂ ಸಾಕು. ಪಟ್ಟಿ ಉದ್ದ ಇರುತ್ತದೆ, ನೀವು ನೋಡಬೇಕಾದ್ದು ಮೂರೇ ಸಾಲು. 05 ಎಂಬ ಸಾಲು, ಅಂದರೆ ರೀಅಲೊಕೇಟೆಡ್ ಸೆಕ್ಟರ್ಸ್, ಕೆಟ್ಟುಹೋಗಿ ಪಕ್ಕಕ್ಕಿಟ್ಟ ಸೆಕ್ಟರ್‌ಗಳ ಲೆಕ್ಕ. ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ ಲೆಕ್ಕ. ಈ ಎರಡರಲ್ಲಿ ಸೊನ್ನೆ ಇದ್ದರೆ ನೆಮ್ಮದಿ. ಸಂಖ್ಯೆ ಇದ್ದು, ನಾಳೆ ನೋಡಿದಾಗ ಇನ್ನೂ ಜಾಸ್ತಿ ಆಗಿದ್ದರೆ ಆ ಡಿಸ್ಕ್‌ನ ಕಥೆ ಮುಗಿಯಿತು. ಮೂರನೆಯದು ಸಿ7. ಇದು ಏರುತ್ತಿದ್ದರೆ ತಪ್ಪು ಬಹುತೇಕ ಡಿಸ್ಕ್‌ನದ್ದಲ್ಲ, ಕೇಬಲ್‌ನದ್ದು. ಸಾಟಾ ಕೇಬಲ್ ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಿ, ಸಾಧ್ಯವಾದರೆ ಬೇರೆ ಕೇಬಲ್ ಹಾಕಿ. ಇಷ್ಟರಲ್ಲೇ ಸರಿಹೋಗುವ ಯಂತ್ರಗಳೂ ಇವೆ.

ಡಿಸ್ಕ್ ಆರೋಗ್ಯವಾಗಿದೆ ಎನಿಸಿದ ಮೇಲೆ ಚೆಕ್‌ಡಿಸ್ಕ್, ಡಿಸ್ಕ್‌ನ ತಪ್ಪು ಹುಡುಕುವ ಕಮ್ಯಾಂಡ್. ನಾಲ್ಕನೇ ಹೆಜ್ಜೆಯಲ್ಲಿ ಹೇಳಿರುವ ಹಾಗೆ ಕಮ್ಯಾಂಡ್ ಪ್ರಾಂಪ್ಟ್ ತೆರೆದು ಟೈಪ್ ಮಾಡಿ. ಅಕ್ಷರಗಳು ಸಿ, ಎಚ್, ಕೆ, ಡಿ, ಎಸ್, ಕೆ. ಸ್ಪೇಸ್ ಬಿಟ್ಟು ಸಿ ಮತ್ತು ಕೋಲನ್, ಮತ್ತೆ ಸ್ಪೇಸ್ ಬಿಟ್ಟು ಸ್ಲ್ಯಾಶ್ ಎಫ್. ಡ್ರೈವ್ ಬಳಕೆಯಲ್ಲಿದೆ, ಮುಂದಿನ ಸಲ ಶುರುವಾಗುವಾಗ ಪರೀಕ್ಷಿಸಲಾ ಎಂದು ಕೇಳುತ್ತದೆ. ವೈ ಒತ್ತಿ ರೀಸ್ಟಾರ್ಟ್ ಮಾಡಿ. ಸ್ಲ್ಯಾಶ್ ಎಫ್ ಕೇವಲ ಫೈಲ್ ಸಿಸ್ಟಮ್‌ನ ಲೆಕ್ಕಪತ್ರ ಸರಿಮಾಡುತ್ತದೆ. ಸ್ಲ್ಯಾಶ್ ಆರ್ ಕೊಟ್ಟರೆ ಅದರ ಜೊತೆಗೆ ಪ್ರತಿಯೊಂದು ಸೆಕ್ಟರನ್ನೂ ಓದಿ ನೋಡುತ್ತದೆ. ದೊಡ್ಡ ಡಿಸ್ಕ್ ಆದರೆ ಇಡೀ ರಾತ್ರಿ ಬೇಕಾಗಬಹುದು. ಸಿ5 ಸಾಲಿನಲ್ಲಿ ಸಂಖ್ಯೆ ಕಂಡಿದ್ದರೆ, ಫೈಲ್‌ಗಳ ಕಾಪಿ ಕೈಯಲ್ಲಿ ಇಲ್ಲದೆ ಸ್ಲ್ಯಾಶ್ ಆರ್ ಓಡಿಸಬೇಡಿ.

ಮುಗಿದ ಮೇಲೆ ಫಲಿತಾಂಶ ಕಣ್ಣೆದುರೇ ಮಾಯವಾಗಿ ವಿಂಡೋಸ್ ಶುರುವಾಗಿಬಿಡುತ್ತದೆ, ಅಲ್ವಾ? ಅದು ಈವೆಂಟ್ ವ್ಯೂವರ್‌ನ (ವಿಂಡೋಸ್‌ನ ದಿನಚರಿ ತೋರಿಸುವ ಪ್ರೋಗ್ರಾಂ) ಅಪ್ಲಿಕೇಷನ್ ಲಾಗ್‌ನಲ್ಲಿ ಇರುತ್ತದೆ. ವಿಂಡೋಸ್ 7ರಿಂದ ಈಚೆಗೆ ‘ವಿನ್‌ಇನಿಟ್’ ಹೆಸರಲ್ಲಿ ಹುಡುಕಿ, ಎಕ್ಸ್‌ಪಿಯಲ್ಲಿ ‘ವಿನ್‌ಲಾಗಾನ್’ ಹೆಸರಲ್ಲಿ. ‘ಕೆಬಿ ಇನ್ ಬ್ಯಾಡ್ ಸೆಕ್ಟರ್ಸ್’ ಎಂಬ ಸಾಲಿನ ಮುಂದೆ ಸೊನ್ನೆ ಇರಬೇಕು. ಸಿ ಡ್ರೈವ್‌ನಲ್ಲಿ ‘ಫೌಂಡ್.000’ ಎಂಬ ಅಡಗಿಸಿಟ್ಟ ಫೋಲ್ಡರ್ ಹುಟ್ಟಿಕೊಂಡಿದ್ದರೆ ಹೆದರಬೇಡಿ. ಹೆಸರು ಕಳೆದುಕೊಂಡ ಫೈಲ್ ತುಣುಕುಗಳನ್ನು ಚೆಕ್‌ಡಿಸ್ಕ್ ಅಲ್ಲಿ ಹಾಕಿಟ್ಟಿರುತ್ತದೆ.

ಹೆಜ್ಜೆ 3: ರ‍್ಯಾಮ್, ವೈರಸ್, ಗಡಿಯಾರ

ಡಿಸ್ಕ್‌ನಿಂದ ಓದಿದ್ದೆಲ್ಲ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ರ‍್ಯಾಮ್‌ನಲ್ಲಿ ಒಂದು ಬಿಟ್ ತಪ್ಪಿದರೂ ಆ ತಪ್ಪು ಮತ್ತೆ ಡಿಸ್ಕ್‌ಗೆ ಬರೆಯಲ್ಪಡಬಹುದು. ಎಸ್‌ಎಫ್‌ಸಿ ಕೂಡ ಫೈಲನ್ನು ಓದಿ ಲೆಕ್ಕ ಹಾಕಿಯೇ ಸರಿಯೋ ತಪ್ಪೋ ಹೇಳುವುದು. ರ‍್ಯಾಮ್ ಕೆಟ್ಟಿದ್ದರೆ ಚೆನ್ನಾಗಿರುವ ಫೈಲೂ ಅದರ ಕಣ್ಣಿಗೆ ಕೆಟ್ಟದ್ದೇ. ಪ್ರತಿ ಸಲ ಬೇರೆ ಬೇರೆ ಫೈಲ್ ಕೆಟ್ಟಿದೆ ಎಂದು ಬಂದರೆ ಮೊದಲು ರ‍್ಯಾಮನ್ನೇ ಅನುಮಾನಿಸಿ.

ವಿಸ್ತಾದಿಂದ (ಎಕ್ಸ್‌ಪಿ ಮತ್ತು 7ರ ನಡುವೆ ಬಂದ ವಿಂಡೋಸ್) ಈಚೆಗೆ ವಿಂಡೋಸ್‌ನಲ್ಲೇ ‘ಮೆಮೊರಿ ಡಯಾಗ್ನಾಸ್ಟಿಕ್’ ಇದೆ. ಎಕ್ಸ್‌ಪಿಗೆ ಮೆಮ್‌ಟೆಸ್ಟ್86 ಪ್ಲಸ್ ಎಂಬ ಪರೀಕ್ಷೆಯ ಪ್ರೋಗ್ರಾಂ ಅನ್ನು ಪೆನ್‌ಡ್ರೈವ್‌ಗೋ ಸಿಡಿಗೋ ಹಾಕಿ ಅದರಿಂದ ಬೂಟ್ ಮಾಡಿ. ನಾನಾದರೆ ಎಲ್ಲಕ್ಕೂ ಮೆಮ್‌ಟೆಸ್ಟನ್ನೇ ಆರಿಸುತ್ತೇನೆ, ರಾತ್ರಿಯಿಡೀ ಓಡಲು ಬಿಟ್ಟರೆ ಅದು ಜಾಸ್ತಿ ನಂಬಿಕೆಗೆ ಅರ್ಹ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ದೋಷವೇ. ಆಗ ಪವರ್ ಕೇಬಲ್ ಕಿತ್ತು, ರ‍್ಯಾಮ್ ತೆಗೆದು, ಸ್ಲಾಟಿನ ಧೂಳು ಊದಿ, ಮತ್ತೆ ಕೂರಿಸಿ. ಎರಡು ಇದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ಮುಚ್ಚಳ ತೆಗೆದಾಗಲೇ ಮದರ್‌ಬೋರ್ಡ್ ಮೇಲಿನ ಕೆಪ್ಯಾಸಿಟರ್‌ಗಳನ್ನೂ ನೋಡಿ. ತಲೆ ಉಬ್ಬಿದ್ದರೆ, ಕಂದು ಬಣ್ಣದ ಕೊಳೆ ಹೊರಬಂದಿದ್ದರೆ, ಯಾವ ಸಾಫ್ಟ್‌ವೇರ್ ರಿಪೇರಿಯೂ ನಿಲ್ಲುವುದಿಲ್ಲ. 2000ದ ದಶಕದ ಬೋರ್ಡ್‌ಗಳಲ್ಲಿ ಇದು ತೀರಾ ಸಾಮಾನ್ಯ.

ವೈರಸ್ ವಿಷಯ ಚಿಕ್ಕದು. ಸ್ಯಾಲಿಟಿ, ವೈರಟ್ ಥರದವು ಇಎಕ್ಸ್‌ಇ ಫೈಲ್‌ಗಳ ಒಳಗೇ ಸೇರಿಕೊಳ್ಳುತ್ತವೆ. ಎಸ್‌ಎಫ್‌ಸಿ ಸರಿಮಾಡಿದ್ದನ್ನು ಅವು ಮತ್ತೆ ಕೆಡಿಸುತ್ತವೆ. ಆಂಟಿವೈರಸ್ ರೆಸ್ಕ್ಯೂ ಡಿಸ್ಕ್‌ನಿಂದ ಬೂಟ್ ಮಾಡಿ, ವಿಂಡೋಸ್ ಮಲಗಿರುವಾಗಲೇ ಸ್ಕ್ಯಾನ್ ಮಾಡಿ.

ಇನ್ನು ಗಡಿಯಾರ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಮುಗಿದರೆ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಡಿಜಿಟಲ್ ಸಹಿಗಳ ಪರಿಶೀಲನೆ ಸೋಲುತ್ತದೆ, ಅಪ್‌ಡೇಟ್ ಸೇವೆ ಮಾತಾಡುವುದಿಲ್ಲ. ಇದೂ ಫೈಲ್ ಕೆಟ್ಟ ಹಾಗೇ ಕಾಣುತ್ತದೆ. ತಾರೀಖು ನೋಡಿಕೊಳ್ಳಿ.

ಹೆಜ್ಜೆ 4: ಎಸ್‌ಎಫ್‌ಸಿ

ವಿಂಡೋಸ್ 7 ಅಥವಾ ಈಚಿನದಾದರೆ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಹುಡುಕಿ, ರೈಟ್ ಕ್ಲಿಕ್ ಮಾಡಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಬರಿದೇ ತೆರೆದರೆ ನೀವು ಅಡ್ಮಿನಿಸ್ಟ್ರೇಟರ್ ಅಲ್ಲ ಎಂದು ವಾಪಸ್ ಕಳಿಸುತ್ತದೆ. ನಂತರ:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ

ಸ್ಕ್ಯಾನ್ ಮತ್ತು ನೌ ಕೂಡಿಸಿ, ನಡುವೆ ಎರಡು ಎನ್. ಎಸ್‌ಎಫ್‌ಸಿಯ ನಂತರ ಸ್ಪೇಸ್ ಇದೆ. ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಅರ್ಧ ಗಂಟೆಗೂ ಮೇಲಾಗಬಹುದು. ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತರೂ ಡಿಸ್ಕ್ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ.

ಕೊನೆಗೆ ಬರುವ ಸಂದೇಶವನ್ನು ಸರಿಯಾಗಿ ಓದಿ. ‘ಡಿಡ್ ನಾಟ್ ಫೈಂಡ್ ಎನಿ ಇಂಟೆಗ್ರಿಟಿ ವಯೊಲೇಷನ್ಸ್’ ಎಂದರೆ ಕಾವಲಿನಲ್ಲಿರುವ ಫೈಲ್‌ಗಳೆಲ್ಲ ಚೆನ್ನಾಗಿವೆ, ನಿಮ್ಮ ತೊಂದರೆ ಬೇರೆ ಕಡೆ ಇದೆ. ಎಸ್‌ಎಫ್‌ಸಿ ಮೈಕ್ರೋಸಾಫ್ಟ್‌ನ ಸ್ವಂತ ಸಿಸ್ಟಮ್ ಫೈಲ್‌ಗಳನ್ನಷ್ಟೇ ನೋಡುತ್ತದೆ. ಬೇರೆ ಕಂಪನಿಯ ಡ್ರೈವರ್, ನೀವು ಹಾಕಿದ ಪ್ರೋಗ್ರಾಂ, ಕೆಟ್ಟ ಯೂಸರ್ ಪ್ರೊಫೈಲ್, ಇವು ಯಾವುವೂ ಅದರ ಲೆಕ್ಕಕ್ಕಿಲ್ಲ. ‘ಸಕ್ಸೆಸ್‌ಫುಲಿ ರಿಪೇರ್ಡ್’ ಎಂದರೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿ. ‘ಅನೇಬಲ್ ಟು ಫಿಕ್ಸ್ ಸಮ್ ಆಫ್ ದೆಮ್’ ಎಂದರೆ ಐದನೇ ಹೆಜ್ಜೆಗೆ ಹೋಗಿ. ‘ಕುಡ್ ನಾಟ್ ಪರ್ಫಾರ್ಮ್’ ಎಂದರೆ ಸೇಫ್ ಮೋಡ್‌ನಲ್ಲಿ, ಅಂದರೆ ತೀರಾ ಬೇಕಾದ್ದನ್ನಷ್ಟೇ ಓಡಿಸಿ ವಿಂಡೋಸ್ ಶುರುಮಾಡಿ, ಪ್ರಯತ್ನಿಸಿ.

ಯಾವ ಫೈಲ್ ಸರಿಯಾಗಲಿಲ್ಲ ಎಂದು ತಿಳಿಯಲು ಸಿ:\ವಿಂಡೋಸ್\ಲಾಗ್ಸ್\ಸಿಬಿಎಸ್ ಫೋಲ್ಡರ್‌ನಲ್ಲಿ ಸಿಬಿಎಸ್.ಲಾಗ್ ಇದೆ. ಸಾವಿರಾರು ಸಾಲು ಇರುತ್ತವೆ. ಅದನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ತೆರೆದು, ಚೌಕ ಕಂಸದೊಳಗಿನ ಎಸ್ ಆರ್ ಎಂಬ ಎರಡು ಅಕ್ಷರ ಹುಡುಕಿ. ಎಸ್‌ಎಫ್‌ಸಿಯ ಸಾಲುಗಳಿಗೆಲ್ಲ ಆ ಗುರುತು ಇರುತ್ತದೆ. ‘ಕೆನಾಟ್ ರಿಪೇರ್ ಮೆಂಬರ್ ಫೈಲ್’ ಎಂದು ಶುರುವಾಗುವ ಸಾಲಿನಲ್ಲಿ ಫೈಲ್‌ನ ಹೆಸರೇ ಸಿಗುತ್ತದೆ.

ಎಕ್ಸ್‌ಪಿಯಲ್ಲೂ ಕಮ್ಯಾಂಡ್ ಅದೇ, ಆದರೆ ಸಿಡಿ ಕೇಳುತ್ತದೆ. ಇಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಸರ್ವಿಸ್ ಪ್ಯಾಕ್ (ಅಪ್‌ಡೇಟ್‌ಗಳ ದೊಡ್ಡ ಕಂತೆ) ವಿಷಯದಲ್ಲಿ. ಯಂತ್ರದಲ್ಲಿ ಸರ್ವಿಸ್ ಪ್ಯಾಕ್ 3 ಇದ್ದು ನಿಮ್ಮ ಸಿಡಿ ಸರ್ವಿಸ್ ಪ್ಯಾಕ್ 2ರದ್ದಾದರೆ, ಸರಿಯಾದ ಸಿಡಿ ಹಾಕಿದರೂ ‘ತಪ್ಪು ಸಿಡಿ’ ಎಂದೇ ಹೇಳುತ್ತಿರುತ್ತದೆ. ಸರ್ವಿಸ್ ಪ್ಯಾಕ್ 3 ಸೇರಿಸಿದ ಸಿಡಿಯೇ ಬೇಕು. ಹಾಗೆಯೇ ಎಕ್ಸ್‌ಪಿಯಲ್ಲಿ ಕೆಲಸ ಮುಗಿದಾಗ ಯಾವ ಸಂದೇಶವೂ ಬರುವುದಿಲ್ಲ, ಕಿಟಕಿ ತಾನೇ ಮುಚ್ಚಿಕೊಳ್ಳುತ್ತದೆ. ವಿವರ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ಸಿಗುತ್ತದೆ.

ಹೆಜ್ಜೆ 5: ದಾಸ್ತಾನೇ ಕೆಟ್ಟಿದ್ದರೆ

ವಿಸ್ತಾದಿಂದ ಈಚೆಗೆ ಎಸ್‌ಎಫ್‌ಸಿ ಒಳ್ಳೆಯ ಪ್ರತಿಯನ್ನು ತರುವುದು ವಿನ್‌ಎಸ್‌ಎಕ್ಸ್‌ಎಸ್ ಎಂಬ ಫೋಲ್ಡರ್‌ನ ದಾಸ್ತಾನಿನಿಂದ. ಅಲ್ಲಿನ ಪ್ರತಿಯೇ ಕೆಟ್ಟಿದ್ದರೆ ಎಸ್‌ಎಫ್‌ಸಿ ಹತ್ತು ಸಲ ಓಡಿಸಿದರೂ ಅಷ್ಟೇ. ಮೊದಲು ದಾಸ್ತಾನು ಸರಿಯಾಗಬೇಕು.

ವಿಂಡೋಸ್ 8.1 ಮತ್ತು 10ರಲ್ಲಿ:

ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಡಿಸ್ಮ್ ಅಕ್ಷರಗಳು ಡಿ, ಐ, ಎಸ್, ಎಂ. ಇದು ವಿಂಡೋಸ್ ಅಪ್‌ಡೇಟ್‌ನಿಂದ ಫೈಲ್ ತರಿಸಿಕೊಳ್ಳುತ್ತದೆ, ಹಾಗಾಗಿ ಇಂಟರ್ನೆಟ್ ಇರಬೇಕು. ಶೇಕಡಾ 20ರ ಹತ್ತಿರ ಬಹಳ ಹೊತ್ತು ನಿಲ್ಲುವುದು ಮಾಮೂಲು, ಕಿಟಕಿ ಮುಚ್ಚಬೇಡಿ. 0ಎಕ್ಸ್800ಎಫ್081ಎಫ್ ಎಂಬ ದೋಷ ಬಂದರೆ ಫೈಲ್‌ಗಳ ಮೂಲ ಸಿಗಲಿಲ್ಲ ಎಂದರ್ಥ. ಆಗ ಅದೇ ಆವೃತ್ತಿಯ, ಅದೇ ಭಾಷೆಯ ಇನ್‌ಸ್ಟಾಲ್ ಡಿವಿಡಿ ಹಾಕಿ, ಕಮ್ಯಾಂಡಿನ ಕೊನೆಗೆ ಇದನ್ನು ಸೇರಿಸಿ:

/ಸೋರ್ಸ್:ವಿಮ್:ಡಿ:\ಸೋರ್ಸಸ್\ಇನ್‌ಸ್ಟಾಲ್.ವಿಮ್:1 /ಲಿಮಿಟ್‌ಆ್ಯಕ್ಸೆಸ್

ಇಲ್ಲಿ ಡಿ ಅಂದರೆ ನಿಮ್ಮ ಡಿವಿಡಿ ಡ್ರೈವ್. ಕೊನೆಯ 1 ಎಂಬುದು ಒಂದೇ ಡಿವಿಡಿಯೊಳಗಿನ ಹೋಮ್, ಪ್ರೊ ಮುಂತಾದವುಗಳಲ್ಲಿ ಯಾವುದು ಎಂಬ ಸಂಖ್ಯೆ. ನಿಮ್ಮದು ಬೇರೆಯಾದರೆ ಅದನ್ನೂ ಬದಲಿಸಬೇಕು. ಡಿಸ್ಮ್ ಮುಗಿದ ಮೇಲೆ ಎಸ್‌ಎಫ್‌ಸಿ ಮತ್ತೊಮ್ಮೆ ಓಡಿಸಬೇಕು, ಇದನ್ನು ಮರೆಯುವವರೇ ಜಾಸ್ತಿ.

ವಿಂಡೋಸ್ 7ರಲ್ಲಿ ರಿಸ್ಟೋರ್‌ಹೆಲ್ತ್ ಇಲ್ಲವೇ ಇಲ್ಲ. ಟೈಪ್ ಮಾಡಿದರೆ ಅಂಥ ಆಯ್ಕೆ ಗೊತ್ತಿಲ್ಲ ಎನ್ನುತ್ತದೆ, ನಿಮ್ಮ ಯಂತ್ರದ್ದೇನೂ ತಪ್ಪಲ್ಲ. ಅಲ್ಲಿ ಬೇಕಾದ್ದು ‘ಸಿಸ್ಟಮ್ ಅಪ್‌ಡೇಟ್ ರೆಡಿನೆಸ್ ಟೂಲ್’, ಕೆಬಿ947821 (ಇಲ್ಲಿ ಕೆಬಿ ಎಂದರೆ ಮೈಕ್ರೋಸಾಫ್ಟ್ ತನ್ನ ಅಪ್‌ಡೇಟ್‌ಗಳಿಗೆ ಕೊಡುವ ಸಂಖ್ಯೆ). ಓಡಿಸಿದ ಮೇಲೆ ಅದೇ ಸಿಬಿಎಸ್ ಫೋಲ್ಡರ್‌ನಲ್ಲಿ ಚೆಕ್‌ಸರ್.ಲಾಗ್ ಸಿಗುತ್ತದೆ. ಸರಿಮಾಡಲಾಗದ್ದರ ಪಟ್ಟಿಯಲ್ಲಿ ಯಾವ ಕೆಬಿ ಸಂಖ್ಯೆಯ ಅಪ್‌ಡೇಟ್ ಬೇಕೆಂದು ಕಾಣುತ್ತದೆ. ಆ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಇಳಿಸಿ, ಸಿ:\ವಿಂಡೋಸ್\ಟೆಂಪ್\ಚೆಕ್‌ಸರ್ ಒಳಗೆ ಪ್ಯಾಕೇಜಸ್ ಎಂಬ ಫೋಲ್ಡರ್ ಮಾಡಿ ಅಲ್ಲಿಟ್ಟು, ಟೂಲನ್ನು ಮತ್ತೆ ಓಡಿಸಿ.

ಏನೇ ಆದರೂ, ಹೆಸರು ಹುಡುಕಿದ ಕೂಡಲೇ ಒಂಟಿ ಡಿಎಲ್‌ಎಲ್ ಕೊಡುವ ಜಾಲತಾಣಗಳಿಂದ ಫೈಲ್ ಇಳಿಸಬೇಡಿ. ಆವೃತ್ತಿ ಹೊಂದುವುದಿಲ್ಲ, ಒಳಗೆ ಏನಿದೆ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ.

ಹೆಜ್ಜೆ 6: ವಿಂಡೋಸ್ ಶುರುವೇ ಆಗದಿದ್ದರೆ

ವಿಂಡೋಸ್ 7ರಲ್ಲಿ ಆನ್ ಆಗುತ್ತಲೇ ಎಫ್8 ಒತ್ತುತ್ತಾ ಹೋಗಿ. ಮೊದಲು ‘ಲಾಸ್ಟ್ ನೋನ್ ಗುಡ್ ಕಾನ್ಫಿಗರೇಷನ್’ ಪ್ರಯತ್ನಿಸಿ. ಆಗದಿದ್ದರೆ ‘ರಿಪೇರ್ ಯುವರ್ ಕಂಪ್ಯೂಟರ್’ಗೆ ಹೋಗಿ ಸ್ಟಾರ್ಟಪ್ ರಿಪೇರ್, ಆಮೇಲೆ ಸಿಸ್ಟಮ್ ರಿಸ್ಟೋರ್. ಇವು ಮೂರೂ ಸೋತರೆ ಅಲ್ಲಿನ ಕಮ್ಯಾಂಡ್ ಪ್ರಾಂಪ್ಟ್‌ನಿಂದಲೇ ಎಸ್‌ಎಫ್‌ಸಿ ಓಡಿಸಬಹುದು:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ /ಆಫ್‌ಬೂಟ್‌ಡಿರ್=ಡಿ:\ /ಆಫ್‌ವಿನ್‌ಡಿರ್=ಡಿ:\ವಿಂಡೋಸ್

ಸಿ ಅಲ್ಲ, ಡಿ ಯಾಕೆ? ವಿಂಡೋಸ್ 7 ಇನ್‌ಸ್ಟಾಲ್ ಆಗುವಾಗ ಸಾಮಾನ್ಯವಾಗಿ 100 ಎಂಬಿಯ ಒಂದು ಗುಪ್ತ ಭಾಗ ಮಾಡಿಕೊಂಡಿರುತ್ತದೆ. ರಿಕವರಿಯಲ್ಲಿ ಅದಕ್ಕೇ ಸಿ ಎಂಬ ಹೆಸರು ಹೋಗಿ, ನಿಮ್ಮ ವಿಂಡೋಸ್ ಡಿ ಆಗಿಬಿಡಬಹುದು. ಸುಮ್ನೆ ಊಹಿಸಬೇಡಿ. ಡಿಐಆರ್ ಸಿ: ಎಂದೂ ಡಿಐಆರ್ ಡಿ: ಎಂದೂ ಟೈಪ್ ಮಾಡಿ, ಯೂಸರ್ಸ್ ಮತ್ತು ವಿಂಡೋಸ್ ಫೋಲ್ಡರ್ ಎಲ್ಲಿವೆ ನೋಡಿ, ಅದೇ ಅಕ್ಷರ ಬಳಸಿ. ‘ರಿಪೇರ್ ಪೆಂಡಿಂಗ್’ ಇದೆ, ರೀಸ್ಟಾರ್ಟ್ ಮಾಡಿ ಎಂದು ಹಟ ಹಿಡಿದರೆ ಅರ್ಧಕ್ಕೆ ನಿಂತ ಅಪ್‌ಡೇಟ್ ಅಡ್ಡ ಬಂದಿದೆ ಎಂದರ್ಥ. ಆಗ ‘ಡಿಸ್ಮ್ /ಇಮೇಜ್:ಡಿ:\ /ಕ್ಲೀನಪ್-ಇಮೇಜ್ /ರಿವರ್ಟ್‌ಪೆಂಡಿಂಗ್‌ಆ್ಯಕ್ಷನ್ಸ್’ ಕೊಟ್ಟು, ಮತ್ತೆ ಎಸ್‌ಎಫ್‌ಸಿ ಓಡಿಸಿ.

ಎಕ್ಸ್‌ಪಿಯದು ಬೇರೆಯೇ ಲೋಕ. ಸಿಡಿಯಿಂದ ಬೂಟ್ ಮಾಡಿ, ಮೊದಲ ನೀಲಿ ಪರದೆಯಲ್ಲಿ ಆರ್ ಒತ್ತಿದರೆ ರಿಕವರಿ ಕನ್ಸೋಲ್. ಡಿಸ್ಕೇ ಇಲ್ಲ ಎಂದರೆ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಮದರ್‌ಬೋರ್ಡ್‌ನ ಸೆಟ್ಟಿಂಗ್) ಸಾಟಾ ಮೋಡನ್ನು ತಾತ್ಕಾಲಿಕವಾಗಿ ಎಎಚ್‌ಸಿಐನಿಂದ ಐಡಿಇಗೆ ಬದಲಿಸಿ, ಕೆಲಸ ಮುಗಿದ ಮೇಲೆ ಮೊದಲಿನ ಹಾಗೇ ಮಾಡಿ. ಕನ್ಸೋಲ್ ಯಾವ ವಿಂಡೋಸ್ ಎಂದು ಕೇಳಿದಾಗ 1 ಒತ್ತಿ, ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೊಡಿ. ಎನ್‌ಟಿಎಲ್‌ಡಿಆರ್ ಕಾಣೆಯಾಗಿದ್ದರೆ ‘ಕಾಪಿ ಡಿ:\ಐ386\ಎನ್‌ಟಿಎಲ್‌ಡಿಆರ್ ಸಿ:\’, ಹಾಗೇ ‘ಕಾಪಿ ಡಿ:\ಐ386\ಎನ್‌ಟಿಡಿಟೆಕ್ಟ್.ಕಾಮ್ ಸಿ:\’. ಇಲ್ಲಿ ಡಿ ಎಂದರೆ ಸಿಡಿ ಡ್ರೈವ್. ಆದರೆ ಅದಕ್ಕೂ ಮುಂಚೆ ಯಂತ್ರಕ್ಕೆ ಸಿಕ್ಕಿಸಿದ ಪೆನ್‌ಡ್ರೈವ್ ಕಿತ್ತು ನೋಡಿ. ಅದರಿಂದ ಬೂಟ್ ಆಗಲು ಹೋಗಿಯೂ ಇದೇ ಸಂದೇಶ ಬರುತ್ತದೆ!

‘ಎಚ್‌ಎಎಲ್.ಡಿಎಲ್‌ಎಲ್’ ಇಲ್ಲ ಎಂಬ ಸಂದೇಶ ನಂಬಿ ಆ ಫೈಲ್ ಕಾಪಿ ಮಾಡಲು ಹೋಗಬೇಡಿ. ಹೆಚ್ಚಿನ ಸಲ ಫೈಲ್ ತನ್ನ ಜಾಗದಲ್ಲೇ ಇರುತ್ತದೆ, ಅದಕ್ಕೆ ದಾರಿ ತೋರಿಸುವ ಬೂಟ್.ಇನಿ ಕೆಟ್ಟಿರುತ್ತದೆ. ‘ಬೂಟ್‌ಸಿಎಫ್‌ಜಿ /ರೀಬಿಲ್ಡ್’ ಕೊಡಿ.

ಹೆಜ್ಜೆ 7: ಇರುವ ವಿಂಡೋಸ್ ಮೇಲೆಯೇ ಇನ್‌ಸ್ಟಾಲ್

ಇಷ್ಟಾದರೂ ಬಗ್ಗದಿದ್ದರೆ ರಿಪೇರಿ ಇನ್‌ಸ್ಟಾಲ್. ನಿಮ್ಮ ಫೈಲ್, ಪ್ರೋಗ್ರಾಂಗಳು ಉಳಿಯುತ್ತವೆ, ವಿಂಡೋಸ್ ಮಾತ್ರ ಹೊಸದಾಗಿ ಬರೆಯಲ್ಪಡುತ್ತದೆ. ವಿಂಡೋಸ್ 7 ಮತ್ತು ಈಚಿನವುಗಳಲ್ಲಿ ಇದನ್ನು ವಿಂಡೋಸ್ ಒಳಗಿನಿಂದಲೇ ಮಾಡಬೇಕು. ಡಿವಿಡಿ ಹಾಕಿ, ಸೆಟಪ್ ಓಡಿಸಿ. 7ರಲ್ಲಿ ‘ಅಪ್‌ಗ್ರೇಡ್’ ಆರಿಸಿ, 10ರಲ್ಲಿ ಫೈಲ್ ಮತ್ತು ಪ್ರೋಗ್ರಾಂ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ. ಆವೃತ್ತಿ, ಭಾಷೆ, 32 ಅಥವಾ 64 ಬಿಟ್, ಎಲ್ಲ ಒಂದೇ ಇರಬೇಕು. ಯಂತ್ರದಲ್ಲಿ ಸರ್ವಿಸ್ ಪ್ಯಾಕ್ 1 ಇದ್ದರೆ ವಿಂಡೋಸ್ 7 ಡಿವಿಡಿಯಲ್ಲೂ ಇರಬೇಕು.

ಎಕ್ಸ್‌ಪಿಯಲ್ಲಿ ಸಿಡಿಯಿಂದ ಬೂಟ್ ಮಾಡಿ ಮಾಡಬೇಕು, ಮತ್ತು ಇಲ್ಲೊಂದು ಬಲೆ ಇದೆ. ಮೊದಲ ಪರದೆಯಲ್ಲಿ ಆರ್ ಒತ್ತಬೇಡಿ, ಅದು ಕನ್ಸೋಲ್‌ಗೆ ಹೋಗುತ್ತದೆ. ಎಂಟರ್ ಒತ್ತಿ, ಎಫ್8 ಒತ್ತಿ ಒಪ್ಪಿಗೆ ಕೊಡಿ. ಆಮೇಲೆ ಸಿಡಿ ಹಳೇ ವಿಂಡೋಸನ್ನು ಹುಡುಕಿ ತೋರಿಸಿ ‘ರಿಪೇರಿ ಮಾಡಲಾ’ ಎಂದು ಕೇಳುತ್ತದೆ. ಆರ್ ಒತ್ತಬೇಕಾದ್ದು ಅಲ್ಲಿ. ಆ ಎರಡನೇ ಪ್ರಶ್ನೆ ಬಾರದೆ ನೇರವಾಗಿ ಪಾರ್ಟಿಷನ್ (ಡಿಸ್ಕ್‌ನ ಭಾಗಗಳ) ಪಟ್ಟಿ ಬಂದರೆ ಎಫ್3 ಒತ್ತಿ ಹೊರಬನ್ನಿ. ಅಲ್ಲಿಂದ ಮುಂದೆ ಹೋದರೆ ಅದು ರಿಪೇರಿ ಅಲ್ಲ, ಹೊಸ ಇನ್‌ಸ್ಟಾಲ್. 25 ಅಕ್ಷರಗಳ ಪ್ರಾಡಕ್ಟ್ ಕೀ ಬರೆದಿಟ್ಟುಕೊಂಡಿರಿ, ನಡುವೆ ಕೇಳುತ್ತದೆ.

ಸರಿಯಾದ ಮೇಲೆ

ಅದೇ ಫೈಲ್‌ಗಳು ಮತ್ತೆ ಕೆಟ್ಟರೆ ಮತ್ತೆ ರಿಪೇರಿಗೆ ಕೂರಬೇಡಿ. ಎರಡನೇ ಮತ್ತು ಮೂರನೇ ಹೆಜ್ಜೆಯಲ್ಲಿ ಏನೋ ತಪ್ಪಿಸಿಕೊಂಡಿದೆ. ನನ್ನ ಅಭಿಪ್ರಾಯದಲ್ಲಿ ಆಗ ಡಿಸ್ಕ್ ಬದಲಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಕಡಿಮೆ ತಲೆನೋವು.

ಎಲ್ಲ ಚೆನ್ನಾಗಿದ್ದರೆ ಅದೇ ದಿನ ಒಂದು ರಿಸ್ಟೋರ್ ಪಾಯಿಂಟ್ (ಮುಂದೆ ಈ ಸ್ಥಿತಿಗೇ ಮರಳಲು ಒಂದು ಗುರುತು) ಮಾಡಿ. ವಿಂಡೋಸ್ 7 ಆದರೆ ಬ್ಯಾಕಪ್ ವಿಭಾಗಕ್ಕೆ ಹೋಗಿ ‘ಸಿಸ್ಟಮ್ ಇಮೇಜ್’ (ಇಡೀ ವಿಂಡೋಸ್‌ನ ಪ್ರತಿ) ಅನ್ನು ಹೊರಗಿನ ಡಿಸ್ಕ್‌ಗೆ ತೆಗೆದಿಡಿ, ಅಲ್ಲೇ ‘ಸಿಸ್ಟಮ್ ರಿಪೇರ್ ಡಿಸ್ಕ್’ ಕೂಡ ಬರೆದುಕೊಳ್ಳಿ. ಬರೆದ ಡಿಸ್ಕ್‌ನಿಂದ ಒಮ್ಮೆ ನಿಜವಾಗಿಯೂ ಬೂಟ್ ಮಾಡಿ ನೋಡಿ. ಹಳೇ ಡ್ರೈವ್‌ಗಳು ಬರೆಯುವಾಗ ತಕರಾರು ಮಾಡದೆ ಓದುವಾಗ ಕೈಕೊಡುವುದುಂಟು, ಅದು ಗೊತ್ತಾಗಬೇಕಾದ್ದು ಕಂಪ್ಯೂಟರ್ ಚೆನ್ನಾಗಿರುವಾಗಲೇ.